ಸಹದೇವನ ಮೌನ

ಮಹಾಭಾರತದ ಸಹದೇವನನ್ನು ಕುರಿತು ನಮ್ಮ ಹಿರಿಯರು ಹೇಳುವ ಮಾತೊಂದುಂಟು. ಮುಂದಾಗುವುದೆಲ್ಲ ಅವನಿಗೆ ತಿಳಿದಿತ್ತು. ಆದರೆ ಕೇಳಿದವರಿಗಲ್ಲದೆ ಹೇಳುತ್ತಿರಲಿಲ್ಲ. ಇದನ್ನು ನಾವು ಬಹುಕಾಲ ಕಥೆಯ ಅನುಕೂಲಕ್ಕಾಗಿ ಹೂಡಿದ ಉಪಾಯವೆಂದೇ ಎಣಿಸಿದ್ದೆವು. ಹಂಟಿಂಗ್ಟನ್ ಎಂಬ ವಂಶಪಾರಂಪರ್ಯದ ಮಿದುಳಿನ ಕಾಯಿಲೆಯನ್ನು ಕುರಿತು ತಿಳಿಯತೊಡಗಿದ ಮೇಲೆ ಹಾಗೆನ್ನಿಸುವುದಿಲ್ಲ.

1872ರಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ ಅಮೆರಿಕದ ಎಳೆಯ ವೈದ್ಯ ಇದನ್ನು ವಿವರಿಸಿದ. ಅವನ ತಂದೆ, ಅಜ್ಜ ಇಬ್ಬರೂ ವೈದ್ಯರು. ಮೂರು ತಲೆಮಾರಿನ ವೈದ್ಯರು ಅದೇ ಊರಿನ ಮನೆತನಗಳ ರೋಗಿಗಳನ್ನು ಕಂಡದ್ದರಿಂದಲೇ ಇದು ರಕ್ತದಲ್ಲಿ ಹರಿದುಬರುವ ರೋಗವೆಂದು ಹೊಳೆಯಿತು. ಕಾರಣ ತಿಳಿದದ್ದು 1993ರಲ್ಲಿ. ನಾಲ್ಕನೆಯ ವರ್ಣತಂತುವಿನ ಒಂದು ಜೀನು ಹಂಟಿಂಗ್ಟಿನ್ ಎಂಬ ಪ್ರೋಟೀನನ್ನು ಕಟ್ಟುತ್ತದೆ. ಈ ಪ್ರೋಟೀನು ಶತ್ರುವಲ್ಲ. ನಮ್ಮೆಲ್ಲರಲ್ಲೂ ಇದೆ, ಇದಿಲ್ಲದೆ ಭ್ರೂಣವೇ ಬೆಳೆಯದು. ಆ ಜೀನಿನಲ್ಲಿ ಸಿಎಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 26 ಸಲದವರೆಗೆ ಬಂದರೆ ತೊಂದರೆಯಿಲ್ಲ. 36ರಿಂದ 39ರವರೆಗೆ ಬಂದರೆ ರೋಗ ಬರಬಹುದು, ಬಾರದಿರಲೂಬಹುದು. 40 ದಾಟಿದರೆ, ಆಯುಷ್ಯ ಗಟ್ಟಿಯಿದ್ದವರಿಗೆ ಅದು ತಪ್ಪಿದ್ದಲ್ಲ. ಅಕ್ಷರ ಹೆಚ್ಚಿದಂತೆ ಪ್ರೋಟೀನಿನಲ್ಲಿ ಗ್ಲುಟಮಿನ್ನಿನ ಸರ ಉದ್ದವಾಗುತ್ತದೆ. ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಮುದ್ದೆಗಟ್ಟುತ್ತದೆ. ಮಿದುಳಿನ ಆಳದಲ್ಲಿ ಚಲನೆಯನ್ನು ಹದದಲ್ಲಿಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈಕಾಲು ತಾವಾಗಿ ಆಡುತ್ತವೆ, ನಡೆ ತೂಗುತ್ತದೆ, ಸಿಟ್ಟು ಮಂಕುಗಳು ಕವಿಯುತ್ತವೆ. ನೋಡಿದವರು ಕುಡಿದಿದ್ದಾನೆ ಎನ್ನುತ್ತಾರೆ, ಇಲ್ಲವೆ ಗಾಳಿ ಸೋಕಿದೆ ಎನ್ನುತ್ತಾರೆ.

ಹಣೆಬರಹ ಎಂಬ ಮಾತನ್ನು ಇಷ್ಟು ಅಕ್ಷರಶಃ ಮಾಡಿದ ಕಾಯಿಲೆ ಇನ್ನೊಂದಿರಲಾರದು. ಬ್ರಹ್ಮಲಿಪಿಯನ್ನು ಓದಲು ಬರುವುದಿಲ್ಲ ಎಂಬುದೊಂದೇ ನಮಗಿದ್ದ ಸಮಾಧಾನ. ಈಗ ಒಂದಿಷ್ಟು ರಕ್ತ ಕೊಟ್ಟರೆ ಓದಿ ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಆ ಪರೀಕ್ಷೆಯೂ ಅದಕ್ಕೆ ಬೇಕಾದ ಆಪ್ತಸಲಹೆಯೂ ಉಂಟು. ಓದಿದ ಮೇಲೆ ಅಳಿಸುವ ವಿದ್ಯೆ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಅಂಗಾಂಗಗಳ ಕುಣಿತವನ್ನು ತಗ್ಗಿಸುವ ಮಾತ್ರೆಗಳಿವೆ, ಅಷ್ಟೆ.

ನಮ್ಮ ಜೀರಹಳ್ಳಿಯಂಥ ಊರಿನಲ್ಲೊಂದು ಮನೆಯನ್ನು ಊಹಿಸಿಕೊಳ್ಳೋಣ. ರಾಜ್ಯ ತಮಿಳುನಾಡು, ಮಾತು ಕನ್ನಡ. ದೊಡ್ಡ ಕಾಯಿಲೆಯೆಂದರೆ ಗಡಿ ದಾಟಿ ಚಾಮರಾಜನಗರ, ಮೈಸೂರು, ಕೊನೆಗೆ ಬೆಂಗಳೂರು. ಅಜ್ಜ ಹೀಗೇ ತೂರಾಡುತ್ತ ತೀರಿಕೊಂಡ. ಅಪ್ಪನಿಗೆ ನಲವತ್ತೈದು, ಈಗ ಆರೋಗ್ಯವಾಗಿದ್ದಾನೆ, ತಿಳಿಯುವುದೇ ಬೇಡವೆನ್ನುತ್ತಾನೆ. ಮಗಳಿಗೆ ಮದುವೆಯ ಮಾತು ನಡೆದಿದೆ, ಅವಳು ತಿಳಿಯಬೇಕೆನ್ನುತ್ತಾಳೆ. ತಂದೆ ತಾಯಿಯರಲ್ಲಿ ಒಬ್ಬರಲ್ಲಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ. (ಒಳಸಂಬಂಧದ ಮದುವೆಯನ್ನೋ ಸೊಸೆಯ ಕಾಲ್ಗುಣವನ್ನೋ ದೂರುವವರು ಇದನ್ನು ಗಮನಿಸಬೇಕು, ಈ ರೋಗಕ್ಕೆ ಅವೆರಡೂ ಕಾರಣವಲ್ಲ.) ಮಗಳಲ್ಲಿ ಆ ಜೀನು ಕಂಡರೆ, ರಕ್ತ ಕೊಡದ ಅಪ್ಪನ ಭವಿಷ್ಯವೂ ಅದೇ ಚೀಟಿಯಲ್ಲಿ ಬಯಲಾಯಿತು. ಹಾಗಾದರೆ ಆ ಚೀಟಿ ಯಾರದು?

ನೆರೆಯ ನೀಲಗಿರಿಯ ಬುಡಕಟ್ಟಿನವರಲ್ಲಿ 1952ರಷ್ಟು ಹಿಂದೆಯೇ ಗುರುತಿಸಲಾದ ಕುಡಗೋಲು ಕಣದ ರಕ್ತಹೀನತೆಯ ಲೆಕ್ಕವೇ ಬೇರೆ. ಅಲ್ಲಿ ವಾಹಕರು ಸಾಮಾನ್ಯವಾಗಿ ಆರೋಗ್ಯವಂತರು, ವಾಹಕರಿಬ್ಬರು ಮದುವೆಯಾದಾಗಲೇ ಮಗುವಿಗೆ ಅಪಾಯ, ಚಿಕಿತ್ಸೆಯೂ ಇದೆ. ತಿಳಿವಳಿಕೆ ಅಲ್ಲಿ ಕೈದೀಪ. ಇಲ್ಲಿ ಅದು ಕೆಲವರಿಗೆ ದೀಪ, ಕೆಲವರಿಗೆ ಬರಿಯ ಉರಿ. ಪರೀಕ್ಷೆ ಸುಲಭವಾಗಿ ದೊರೆಯುವ ದೇಶಗಳಲ್ಲಿಯೂ ಅಪಾಯವಿರುವ ಹೆಚ್ಚಿನವರು ಅದನ್ನು ಬಯಸಿಲ್ಲ. ತಾಯಿಯನ್ನು ಈ ರೋಗದಲ್ಲಿ ಕಳೆದುಕೊಂಡು, ವೆನಿಜುವೆಲದ ಮರಕೈಬೊ ಸರೋವರದ ದಡದ ಬಡ ಹಳ್ಳಿಗಳಲ್ಲಿ ವರ್ಷಗಟ್ಟಲೆ ದುಡಿದು ಜೀನಿನ ಶೋಧಕ್ಕೆ ದಾರಿಮಾಡಿದ ನ್ಯಾನ್ಸಿ ವೆಕ್ಸ್‌ಲರ್ ಕೂಡ, ತಮಗೆ ರೋಗವಿರುವುದನ್ನು ಲೋಕಕ್ಕೆ ಹೇಳಿದ್ದು 2020ರಲ್ಲಿ. ಇದನ್ನು ಹೇಡಿತನವೆನ್ನಲು ನಮಗೆ ನಾಲಗೆ ಏಳದು.

ಆದರೂ ನಾವು ಒಂದು ಗೆರೆ ಎಳೆಯಬಯಸುತ್ತೇವೆ. ತನ್ನ ಸಂಖ್ಯೆ ಎಷ್ಟೆಂದು ಅರಿಯದೆ ಬಾಳುವ ಹಕ್ಕು ಅಪ್ಪನಿಗುಂಟು. ಮನೆಯಲ್ಲಿ ಇಂಥ ರೋಗವಿದೆಯೆಂಬುದನ್ನೇ ಮಗಳಿಂದ, ಅವಳ ಕೈಹಿಡಿಯುವವನಿಂದ ಮರೆಸುವ ಹಕ್ಕು ಇಲ್ಲ. ಮೊದಲನೆಯದು ತನ್ನ ಬದುಕಿನ ಮಾತು. ಎರಡನೆಯದು ಇನ್ನೂ ಹುಟ್ಟದ ಮಗುವಿನದು. ಸಹದೇವನ ಮೌನವೂ ಕೇಳುವವರು ಬರುವ ತನಕವಷ್ಟೆ.

ಇದಕ್ಕೆ ಬರುವ ಆಕ್ಷೇಪಣೆ ನಮಗೆ ಗೊತ್ತಿದೆ. ಬಾಯಿಬಿಟ್ಟರೆ ಆ ಮನೆಗೆ ಹೆಣ್ಣು ಕೊಡುವವರಿಲ್ಲ, ತರುವವರೂ ಇಲ್ಲ. ಜೀನು ಇಲ್ಲದ ತಂಗಿಯೂ ಮೂಲೆ ಸೇರಬೇಕಾಗುತ್ತದೆ. ಸುಳ್ಳಲ್ಲ. ಸತ್ಯದ ಬೆಲೆಯನ್ನು ತೆರುವವಳು ಹುಡುಗಿ, ಅದನ್ನು ನಿಗದಿ ಮಾಡುವವರು ಅರಳಿಕಟ್ಟೆಯಲ್ಲಿ ಕುಳಿತ ನಾವು. ಆದ್ದರಿಂದ ಅಪ್ಪ ಏಕೆ ಹೇಳಲಿಲ್ಲವೆಂದು ಕೇಳುವ ಮುನ್ನ, ಅವನು ಹೇಳಿದ ಮಾರನೆಯ ದಿನ ನಾವು ಆ ಮನೆಯಲ್ಲಿ ಕುಳಿತು ಒಂದು ಲೋಟ ಕಾಫಿ ಕುಡಿದು ಬರುತ್ತೇವೆಯೇ ಎಂದು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.