ಎರಡನೆಯವನ ಪ್ರಾಣ

ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ನಿಂತು ಹಿಮದ ಮಾತನಾಡಿದರೆ ಕೇಳಿದವರು ನಕ್ಕಾರು. ಜೋಳ, ತೊಗರಿ ಬೆಳೆಯುವ ಆ ಬಿಸಿಲ ಸೀಮೆಗೆ ಹಿಮವೆಂಬುದು ಪುಸ್ತಕದ ಮಾತು. ಆದರೆ ಹಿಮದಡಿ ಸಿಕ್ಕವನ ಸಾವು ಎಂಥದೆಂಬುದನ್ನು ಆ ಸೀಮೆಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ, ಬಹುದಿನ ಮುಚ್ಚಿದ್ದ ಹಗೇವಿಗೆ ಅವಸರದಿಂದ ಇಳಿದವನು ಒಳಗಿನ ಕೆಟ್ಟ ಗಾಳಿಗೆ ಕುಸಿದುಬೀಳುವುದುಂಟು. ಅವನನ್ನು ಎತ್ತಲು ಇನ್ನೊಬ್ಬ ಧುಮುಕಿದರೆ ಅವನೂ ಅಲ್ಲಿಯೇ. ಅದಕ್ಕೆಂದೇ ಮೊದಲು ದೀಪ ಇಳಿಬಿಟ್ಟು ನೋಡುವ ಪದ್ಧತಿ. ದೀಪ ಆರಿದರೆ ಇಳಿಯಬಾರದು. ಹಿಮದಲ್ಲಿ ಹೂತುಹೋದವನನ್ನೂ ಬಹುಮಟ್ಟಿಗೆ ಕೊಲ್ಲುವುದು ಚಳಿಯಲ್ಲ, ಗಾಳಿಯ ಅಭಾವ. ಕಾಲು ಗಂಟೆಯೊಳಗೆ ಹೊರತೆಗೆದರೆ ಹೆಚ್ಚಿನವರು ಬದುಕುತ್ತಾರೆ. ಅರ್ಧ ಗಂಟೆ ದಾಟಿತೆಂದರೆ ಆಸೆ ತೀರ ಕಡಿಮೆ.

2016ರ ಫೆಬ್ರವರಿ 3ರಂದು ಸಿಯಾಚಿನ್ನಿನಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೊಂದು ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಸಿಕ್ಕರು. ಅವರಲ್ಲಿ ಮೂವರು ಕನ್ನಡ ನಾಡಿನವರು. ಮರುದಿನವೇ ದೇಶ ಸಂತಾಪ ಸೂಚಿಸಿಬಿಟ್ಟಿತು. ಅಗೆತ ಮಾತ್ರ ನಿಲ್ಲಲಿಲ್ಲ. ಕಲ್ಲಿನಂತೆ ಬಿಗಿದ ಹಿಮವನ್ನು ಯಂತ್ರದಿಂದ ಕೊರೆದು, ನಾಯಿಗಳ ಮೂಗನ್ನು ನಂಬಿ ಹುಡುಕಿದರು. 8ರ ರಾತ್ರಿ, 25 ಅಡಿಯಷ್ಟು ಆಳದಲ್ಲಿ, ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಇನ್ನೂ ಉಸಿರಾಡುತ್ತಿದ್ದರು.

ಪವಾಡವೆಂದು ನಾವೆಲ್ಲ ಕೈಮುಗಿದೆವು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಅವರು ಬದುಕಿರುವುದು ಅಗೆಯುವವರಿಗೆ ಗೊತ್ತಿರಲಿಲ್ಲವಷ್ಟೆ. ಹತ್ತು ಹೆಣಗಳಿಗಾಗಿ ಬದುಕಿದ್ದವರು ಪ್ರಾಣವನ್ನು ಪಣಕ್ಕಿಟ್ಟಿದ್ದರು. ಎಲ್ಲರೂ ಸತ್ತೇ ಸಿಕ್ಕಿದ್ದರೆ ಆ ಅಗೆತ ತಪ್ಪಾಗುತ್ತಿತ್ತೆ? ಫಲ ನೋಡಿಕೊಂಡು ಕೆಲಸಕ್ಕೆ ಬೆಲೆ ಕಟ್ಟುವುದು ವ್ಯಾಪಾರದ ರೀತಿಯಾದೀತು.

ತಾನಾಗಿ ಇಳಿಯುವವನನ್ನು ತಡೆದು ಕೇಳಲು ನಾನಾರು? ಇಳಿಸುವವನ ಮಾತು ಹಾಗಲ್ಲ. ಅವನು ಪಣಕ್ಕಿಡುವುದು ತನ್ನದಲ್ಲದ ಪ್ರಾಣವನ್ನು. ದೀಪ ಹಿಡಿಯುವ ಹೊಣೆ ಅವನದೇ. ಸೈನ್ಯದಲ್ಲಿ ಆಜ್ಞೆಯೆಂಬುದು ಉಂಟು. ಹಗೇವಿನ ಬಾಯಲ್ಲಿ ನಿಂತ ಸಾಹುಕಾರ ಆಳಿಗೆ ‘ಇಳಿಯೋ’ ಎಂದರೆ ಅದೂ ಆಜ್ಞೆಯೇ. ಬೆಳಗಿನ ಕಾಫಿಯ ಜೊತೆಗೆ ಪತ್ರಿಕೆ ಹಿಡಿದು ‘ಹೇಗಾದರೂ ಮಾಡಿ ತೆಗೆಯಲೇಬೇಕು’ ಎನ್ನುವ ನಾವು ಆ ಸಾಹುಕಾರನಿಂದ ಎಷ್ಟು ದೂರದಲ್ಲಿದ್ದೇವೆ?

ಹಾಗೆಂದು, ಲೆಕ್ಕ ಹಾಕಿ ಕೈಬಿಡಿರೆನ್ನಲೂ ಮನಸ್ಸೊಪ್ಪದು. ಲೆಕ್ಕದ ಪ್ರಕಾರ ಹನುಮಂತಪ್ಪ ಮೊದಲ ದಿನವೇ ಇಲ್ಲ. ತನ್ನನ್ನು ಹುಡುಕಿಯೇ ತೀರುತ್ತಾರೆಂಬ ನಂಬಿಕೆಯಿಲ್ಲದೆ ಯಾವ ತಾಯಿಯ ಮಗ ಅಲ್ಲಿ ಕಾವಲು ನಿಂತಾನು?

ದಿಲ್ಲಿಯ ಸೈನಿಕ ಆಸ್ಪತ್ರೆಗೆ ತಂದಾಗ ಅವರಿಗೆ ಪ್ರಜ್ಞೆಯಿರಲಿಲ್ಲ. 11ರಂದು ತೀರಿಕೊಂಡರು. ಬೆಟದೂರಿನಿಂದ ಬಂದ ಮನೆಯವರು ಅಷ್ಟರಲ್ಲಿ, ಇನ್ನೂ ಉಸಿರಾಡುತ್ತಿದ್ದ ಆ ಮುಖವನ್ನು ಕಂಡಿದ್ದರು.