ಸೂಜಿಯ ಮೇಲೆ ಹೊರಿಸಿದ ತಪ್ಪು

ಕೈತಪ್ಪಿ ಬಿತ್ತು, ಬಾಯಿತಪ್ಪಿ ಬಂತು, ಕಣ್ತಪ್ಪಿನಿಂದ ಆಯಿತು ಅನ್ನುತ್ತೇವೆ. ತಪ್ಪು ಯಾವುದೋ ಅಂಗದ್ದು, ಅದರ ಒಡೆಯ ಮಾತ್ರ ನಿರಪರಾಧಿ. ಕಳೆದ ದಸರಾ ರಜೆಯಲ್ಲಿ ನಾನು ಈ ಪಟ್ಟಿಗೆ ಒಂದು ಸೂಜಿಯನ್ನೂ ಸೇರಿಸಿದೆ.

ನನ್ನ ಸೋದರಮಾವನಿಗೆ ಎನ್‌ಸಿಸಿ ಏರ್‌ವಿಂಗ್‌ನಲ್ಲಿದ್ದಾಗ ಏರೋಮಾಡೆಲಿಂಗ್ ಹುಚ್ಚು ಹತ್ತಿತ್ತು. ಅವರ ಬಳಿ ಒಂದು ಕಾಕ್ಸ್ ಬೇಬ್ ಬೀ ಎಂಜಿನ್ ಇದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಮಾದರಿ, 0.8 ಸಿಸಿಯಷ್ಟು, ಟ್ಯಾಂಕ್ ಸಮೇತ ಮುಷ್ಟಿಯೊಳಗೆ ಅಡಗುತ್ತದೆ. ಮೆಥನಾಲ್, ಹರಳೆಣ್ಣೆ, ನೈಟ್ರೋಮೀಥೇನ್ ಬೆರೆಸಿದ ಇಂಧನ ಅದರ ಆಹಾರ. ಹಿಂಬದಿಯ ಸೂಜಿಯನ್ನು ಬಿಚ್ಚಿದಷ್ಟೂ ಇಂಧನ ಹೆಚ್ಚು, ಬಿಗಿದಷ್ಟೂ ಕಡಿಮೆ. ಬಿಗಿಯುತ್ತಾ ಹೋದರೆ ಸದ್ದು ಏರುತ್ತದೆ, ತೀಕ್ಷ್ಣವಾಗುತ್ತದೆ, ಮೈ ಜುಮ್ಮೆನ್ನುತ್ತದೆ. ಅಪಾಯವೂ ಅಲ್ಲೇ. ಇಂಧನದ ಜೊತೆ ಬರುವ ಎಣ್ಣೆಯೂ ಕಡಿಮೆಯಾಗಿ ಎಂಜಿನ್ ಕಾದುಹೋಗುತ್ತದೆ. ಅದಕ್ಕೇ ಬಲ್ಲವರು ಆ ತುದಿಯನ್ನು ಮುಟ್ಟಿ, ಸ್ವಲ್ಪ ಹಿಂದಕ್ಕೆ ತಿರುಗಿಸಿಡುತ್ತಾರೆ.

ಮಾವನ ಕೈ ಈಗ ನಡುಗುತ್ತದೆ. ಹಾಗಾಗಿ ತಿರುಗಿಸುವುದು ನಾನು, ಕಿವಿಗೊಟ್ಟು ಹೇಳುವುದು ಅವರು. ಅವತ್ತು ಅವರು ಫೋನ್ ಬಂತೆಂದು ಒಳಗೆ ಹೋದರು. ನಾನು ಇನ್ನಷ್ಟು ಬಿಗಿದೆ. ಆ ಕೀರಲು ಸದ್ದು ಇನ್ನೊಂದು ಕ್ಷಣ ಬೇಕೆನಿಸಿತು, ಅಷ್ಟೆ. ಎಂಜಿನ್ ಸೊರಗಿ ನಿಂತಿತು. ತಲೆಯೊಳಗಿನ ಗ್ಲೋ ತಂತಿ ಸುಟ್ಟುಹೋಗಿತ್ತು. ಈ ಎಂಜಿನ್‌ನಲ್ಲಿ ಪ್ಲಗ್ ಬೇರೆ ಇಲ್ಲ, ತಲೆಯನ್ನೇ ಬದಲಿಸಬೇಕು. ಮಾವನ ಡಬ್ಬಿಯಲ್ಲಿದ್ದದ್ದು ಒಂದೇ.

"ಸೂಜಿ ಸಡಿಲ ಇದೆ ಮಾವ, ಅದುರಿ ಗಾಳಿ ಎಳ್ಕೊಂಡಿರ್ಬೇಕು" ಅಂದೆ.

ಸೂಜಿ ನಿಜವಾಗಿಯೂ ಸಡಿಲವಿತ್ತು. ಸುಳ್ಳಿಗೆ ನಿಜದ ಆಸರೆ ಸಿಕ್ಕಿದರೆ ಹೇಳುವವನ ಮುಖ ಕೆಂಪಾಗುವುದಿಲ್ಲ.

ಮಾವ ನಂಬಿದರು. "ಹಾಗಾದ್ರೆ ಇವತ್ತೇ ಸರಿ ಮಾಡ್ಬಿಡೋಣ ಕಣೋ" ಅಂದರು. ಹಳಬರಿಗೆಲ್ಲ ಗೊತ್ತಿರುವ ಉಪಾಯ. ಸೂಜಿಯ ಸ್ಪ್ರಿಂಗ್ ತೆಗೆದು, ಅದರ ಜಾಗದಲ್ಲಿ ಸಿಲಿಕೋನ್ ಇಂಧನ ನಳಿಕೆಯ ಒಂದು ತುಂಡನ್ನು ತೊಡಿಸಬೇಕು. ಸೂಜಿಯನ್ನು ತಿರುಗಿಸಿದಾಗ ಆ ತುಂಡು ಹಿಂದಿನ ಫಲಕಕ್ಕೆ ಒತ್ತಿ ಕೂರುತ್ತದೆ. ತಿರುಪಿನ ಸಂದಿಯಿಂದ ಗಾಳಿ ನುಗ್ಗುವುದಿಲ್ಲ, ಸೂಜಿ ತಾನಾಗಿ ಅಲುಗುವುದೂ ಇಲ್ಲ. ತುಂಡು ಗಿಡ್ಡವಾದರೆ ಒತ್ತುವುದಿಲ್ಲ, ಉದ್ದವಾದರೆ ಮಡಿಚಿಕೊಳ್ಳುತ್ತದೆ. ಮೂರು ತುಂಡು ಹಾಳಾದ ಮೇಲೆ ನಾಲ್ಕನೆಯದು ಕೂತಿತು. ಅವರು ತಾಳ್ಮೆಯಿಂದ ಹೇಳಿಕೊಟ್ಟರು. ಅದು ಕಾರಣವಲ್ಲವೆಂದು ಗೊತ್ತಿದ್ದ ನಾನು ಬ್ಲೇಡು ಹಿಡಿದು ಕತ್ತರಿಸಿದೆ.

ನನ್ನ ಪ್ರಬಂಧದ ಒಂದು ಅಧ್ಯಾಯ ನೆಪಗಳ ಕುರಿತೇ ಇದೆ, ನಗಬೇಡಿ. ಜೆ. ಎಲ್. ಆಸ್ಟಿನ್ 1956ರಲ್ಲಿ ನೆಪಗಳ ಬಗ್ಗೆ ಮಾಡಿದ ಉಪನ್ಯಾಸದಲ್ಲಿ ಎರಡು ಕತ್ತೆಗಳಿವೆ. ನನ್ನದೆಂದುಕೊಂಡು ನಿಮ್ಮ ಕತ್ತೆಗೆ ಗುಂಡು ಹೊಡೆದರೆ ಅದು ತಪ್ಪು ತಿಳಿವಳಿಕೆ. ನನ್ನದಕ್ಕೇ ಗುರಿಯಿಟ್ಟಾಗ ಕತ್ತೆಗಳು ಅಲುಗಿ ನಿಮ್ಮದು ಸತ್ತರೆ ಅದು ಆಕಸ್ಮಿಕ. ಎರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ನಾನು ಪಾಠ ಮಾಡಬಲ್ಲೆ. ಆದರೆ ಅಂಗಳದಲ್ಲಿ ನಡೆದದ್ದು ಎರಡೂ ಅಲ್ಲ. ನನಗೆ ಸದ್ದು ಬೇಕಿತ್ತು, ತಿರುಗಿಸಿದೆ.

ಉಳಿದ ತಲೆಯನ್ನು ಹಾಕಿ ಮತ್ತೆ ಓಡಿಸಿದೆವು. ಈಗ ಸೂಜಿ ಇಟ್ಟಲ್ಲೇ ನಿಲ್ಲುತ್ತದೆ. ಆಗ ನನಗೆ ಆದದ್ದು ಸಂತೋಷವಲ್ಲ, ಒಂದು ಬಗೆಯ ಭಯ. ಇನ್ನು ಎಂಜಿನ್ ಕೆಟ್ಟರೆ ಸೂಜಿಯನ್ನು ದೂರುವಂತಿಲ್ಲ. ಎಷ್ಟೋ ಸಾಧನಗಳನ್ನು ನಾವು ಸಡಿಲವಾಗಿಯೇ ಬಿಟ್ಟಿರುವುದು ಇದಕ್ಕೇ ಇರಬಹುದೇ? ನನ್ನ ಪ್ರಬಂಧದ ತುಂಬ "ಒಂದರ್ಥದಲ್ಲಿ", "ಎನ್ನಬಹುದೇನೋ" ಎಂಬ ತಿರುಪುಗಳಿವೆ. ಯಾರಾದರೂ ಪ್ರಶ್ನಿಸಿದರೆ ಅವು ಅಲುಗಿ ನನ್ನನ್ನು ಉಳಿಸುತ್ತವೆ.

ಹಾಗೆಂದು ನೆಪವೆಲ್ಲ ಸುಳ್ಳು ಎಂದೇನೂ ಅಲ್ಲ. ಸೆಕೆ, ತೇವ, ಗಾಳಿ ಬದಲಾದರೆ ನಿನ್ನೆ ಸರಿಯಿದ್ದ ಸೂಜಿ ಇಂದು ತಪ್ಪಾಗುತ್ತದೆ. ಅದು ಯಾರ ಅಪರಾಧವೂ ಅಲ್ಲ. ಮುಂದೊಂದು ದಿನ ನಿಜವಾಗಿಯೂ ಹಾಗಾದಾಗ ಮಾವ ನನ್ನ ಮಾತನ್ನು ನಂಬಬೇಕು. ಆ ನಂಬಿಕೆಯನ್ನೇ ನಾನು ಅವತ್ತು ಖರ್ಚು ಮಾಡಿದ್ದು. ಖರ್ಚಾದದ್ದು ಅವರಿಗೆ ಗೊತ್ತೂ ಇಲ್ಲ.

ಊರಿಗೆ ಹೋದಾಗಲೆಲ್ಲ ಅವರು ಆ ಸಿಲಿಕೋನ್ ತುಂಡನ್ನು ಬಂದವರಿಗೆ ತೋರಿಸಿ, "ನಮ್ಮ ಹುಡುಗ ಕಂಡುಹಿಡಿದದ್ದು, ಸೂಜಿಯದೇ ದೋಷ ಅಂತ" ಎನ್ನುತ್ತಾರೆ. ಅವರು ಇಂಥದ್ದನ್ನೆಲ್ಲ ಓದುವವರಲ್ಲ. ಓದಿದರೂ ನಾನೇ ಎದುರು ಕೂತು ಹೇಳಿದಂತಾಗುವುದಿಲ್ಲ. ಯುಗಾದಿಗೆ ಹೋಗುತ್ತಿದ್ದೇನೆ.