ಸರದಿಯಲ್ಲಿ ನನ್ನ ಮುಂದಿದ್ದವರು

ದಮ್ಮಾಮ್‌ನಲ್ಲಿ ಹನ್ನೊಂದು ವರ್ಷ ಲೆಕ್ಕ ಬರೆದು ಊರಿಗೆ ಮರಳಿದ ಮೇಲೆ ನನಗೊಂದು ಹೊಸ ಕಾಯಿಲೆ ಅಂಟಿಕೊಂಡಿತು. ಯಾವುದನ್ನೂ ಸಹಿಸಲಾಗುತ್ತಿರಲಿಲ್ಲ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿಯುವವರು, ಚಿಲ್ಲರೆ ಕೊಡಲು ಮರೆಯುವ ಕಂಡಕ್ಟರು, ತೂಕದಲ್ಲಿ ಕೈಯಾಡಿಸುವ ಅಂಗಡಿಯವನು, ಇವರೆಲ್ಲ ನಾನು ಚಿಕ್ಕಂದಿನಿಂದ ಕಂಡವರೇ. ಈಗ ಮಾತ್ರ ಕಂಡಕೂಡಲೇ ಮೈ ಉರಿಯುತ್ತಿತ್ತು. ‘ಅಲ್ಲಿ ಹೀಗಿರಲಿಲ್ಲ’ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ‘ಇವರಿನ್ನೂ ವಿಮಾನದಿಂದ ಇಳಿದಿಲ್ಲ’ ಎಂದು ಮನೆಯಲ್ಲಿ ನಗುತ್ತಿದ್ದರು.

ನನ್ನ ಸಿಟ್ಟನ್ನು ನಾನು ನ್ಯಾಯಪ್ರಜ್ಞೆಯೆಂದೇ ನಂಬಿದ್ದೆ. ಒಂದು ಬೆಳಿಗ್ಗೆ ಆ ನಂಬಿಕೆ ಕುಸಿಯಿತು.

ತಂದೆಯ ಜಮೀನಿನ ಖಾತೆ ಬದಲಾವಣೆಗೆಂದು ಸರಕಾರಿ ಕಚೇರಿಯೊಂದಕ್ಕೆ ಮೂರನೆಯ ಸಲ ಹೋಗಿದ್ದೆ. ಸರದಿಯಲ್ಲಿ ನನ್ನ ಮುಂದೆ ವಿಧವಾ ವೇತನದ ಅರ್ಜಿ ಹಿಡಿದ ಮುದುಕಿಯೊಬ್ಬರಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬಾತ ಪಕ್ಕದ ಬಾಗಿಲಿನಿಂದ ನೇರ ಒಳಹೋಗಿ, ಗುಮಾಸ್ತರ ಹೆಗಲ ಮೇಲೆ ಕೈಯಿಟ್ಟು, ಐದೇ ನಿಮಿಷದಲ್ಲಿ ಕೆಲಸ ಮುಗಿಸಿಕೊಂಡ. ನಾನು ಕೂಗಾಡಿದೆ. ಕಾನೂನು, ತೆರಿಗೆ, ಪರದೇಶದ ಶಿಸ್ತು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಗುಮಾಸ್ತರು ತಲೆ ಎತ್ತಿ, ‘ಮೊದಲು ಇವರದ್ದು ಮುಗಿಸಿ ಕಳಿಸಿ ಮಾರಾಯ್ರೆ’ ಎಂದು ಪಕ್ಕದವರಿಗೆ ಹೇಳಿದರು. ಕಾಗದ ನನ್ನ ಕೈಗೆ ಬಂತು. ಗೆದ್ದವನಂತೆ ಹೊರಟೆ. ಬಾಗಿಲ ಬಳಿ ಆ ಮುದುಕಿಯ ದನಿ ಕೇಳಿಸಿತು: ‘ಹೋಗ್ಲಿ ಬಿಡಿ ಸಾಬ್ರೇ, ನಿಮ್ದಾದ್ರೂ ಆಯ್ತಲ್ಲ.’

ಅವರು ಇನ್ನೂ ಅಲ್ಲೇ ನಿಂತಿದ್ದರು. ಬಿಳಿ ಅಂಗಿಯವನು ಪರಿಚಯದ ಬಲದಿಂದ ಅವರನ್ನು ದಾಟಿದ್ದ. ನಾನು ಗಂಟಲಿನ ಬಲದಿಂದ ದಾಟಿದ್ದೆ. ವ್ಯತ್ಯಾಸ ಅಷ್ಟೇ.

ಆ ರಾತ್ರಿ ದಮ್ಮಾಮ್ ನೆನಪಾಯಿತು. ಅಲ್ಲಿ ಕಚೇರಿಗೆ ಹೋದರೆ ನಂಬರಿನ ಚೀಟಿ ಸಿಗುತ್ತಿತ್ತು, ನಂಬರು ಬಂದಾಗ ಎದ್ದು ಹೋದರಾಯಿತು. ನಿಜ. ಆದರೆ ನಾನಿದ್ದ ಕಂಪನಿಯಲ್ಲಿ ಕಾರ್ಮಿಕರ ಪಾಸ್‌ಪೋರ್ಟುಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದರು. ಕಫೀಲ್ ಒಪ್ಪದೆ ಕೆಲಸ ಬದಲಿಸುವಂತಿರಲಿಲ್ಲ. ಸೌದಿ ಸರಕಾರ 2021ರ ಮಾರ್ಚ್‌ನಲ್ಲಿ ಈ ಕಟ್ಟನ್ನು ಸಡಿಲಿಸಿದಾಗಲೂ ಮನೆಗೆಲಸದವರು ಅದರ ಹೊರಗೇ ಉಳಿದರು. ಕಸ ಗುಡಿಸುತ್ತಿದ್ದ ಬಾಂಗ್ಲಾದೇಶದ ಹುಡುಗನ ಸಂಬಳ ನಾಲ್ಕು ತಿಂಗಳು ನಿಂತಿತ್ತು. ಅದನ್ನು ‘ಬಾಕಿ’ ಎಂದು ಅಂದವಾದ ಅಕ್ಷರದಲ್ಲಿ ಬರೆದಿಟ್ಟವನು ನಾನೇ. ಆಗ ನನಗೆ ಸಿಟ್ಟು ಬರಲಿಲ್ಲ. ನನ್ನ ಇಖಾಮಾದ ಚಿಂತೆ ನನಗಿತ್ತು. ಅಂದರೆ ಅಲ್ಲಿ ನಾನು ಕಂಡದ್ದು ಅನ್ಯಾಯವಿಲ್ಲದ ನಾಡನ್ನಲ್ಲ, ಅನ್ಯಾಯ ನನ್ನನ್ನು ಮುಟ್ಟದೆ ಪಕ್ಕದಲ್ಲಿ ಹಾದುಹೋದ ಬದುಕನ್ನು. ಊರಿನಲ್ಲಿ ಕೂಗಲು ಭಯವಿರಲಿಲ್ಲ, ಹಾಗಾಗಿ ಕೂಗಿದೆ.

ಪರದೇಶದಿಂದ ಮರಳಿದ ಇನ್ನೊಬ್ಬರ ಕತೆ ಇಲ್ಲಿ ನೆನೆಯುವಂಥದ್ದು. 1915ರ ಜನವರಿ 9ರಂದು ಗಾಂಧೀಜಿ ಮುಂಬೈಯಲ್ಲಿ ಇಳಿದಾಗ, ಒಂದು ವರ್ಷ ದೇಶ ಸುತ್ತಿ ನೋಡಿ, ಸಾರ್ವಜನಿಕ ವಿಷಯಗಳ ಬಗ್ಗೆ ಮಾತನಾಡಬೇಡಿ ಎಂದು ಗೋಖಲೆ ಮಾತು ತೆಗೆದುಕೊಂಡಿದ್ದರು. ರಾಜಕೋಟೆಯ ಹಾದಿಯಲ್ಲಿ ವಢವಾಣ ನಿಲ್ದಾಣದಲ್ಲಿ ಮೋತಿಲಾಲ್ ಎಂಬ ದರ್ಜಿ ಅವರನ್ನು ಕಂಡು, ವೀರಮ್‌ಗಾಮ್ ಸುಂಕದ ಕಟ್ಟೆಯಲ್ಲಿ ಪ್ರಯಾಣಿಕರು ಪಡುವ ಪಾಡನ್ನು ಹೇಳಿದ. ಗಾಂಧೀಜಿಗೆ ಜ್ವರ. ಆದರೂ ಕೇಳಿದ್ದು ಒಂದೇ ಪ್ರಶ್ನೆ: ಜೈಲಿಗೆ ಹೋಗಲು ಸಿದ್ಧರಿದ್ದೀರಾ? ಆಮೇಲೆ ಮಾಹಿತಿ ಕಲೆಹಾಕಿದರು, ಮುಂಬೈ ಸರಕಾರಕ್ಕೆ ಬರೆದರು, ಗವರ್ನರರನ್ನೂ ಮುಂದೆ ವೈಸರಾಯರನ್ನೂ ಕಂಡರು. 1917ರಲ್ಲಿ ಆ ಸುಂಕ ರದ್ದಾಯಿತು. ದರ್ಜಿಯ ನೋವನ್ನು ಅವರು ತನ್ನದಾಗಿಸಿಕೊಂಡರು, ಅದರ ಬೆನ್ನು ಹತ್ತಿ ಎರಡು ವರ್ಷ ಬಿಡಲಿಲ್ಲ.

ಕನ್ನಡ ಶಾಲೆಯಲ್ಲಿ ‘ತಾಳಿದವನು ಬಾಳಿಯಾನು’ ಎಂದು ಕಲಿತೆ. ಉರ್ದು ಕಲಿಸಿದ ಉಸ್ತಾದರು ‘ಸಬ್ರ್’ ಎಂದರು. ಎರಡನ್ನೂ ನಾವು ಬಡವರಿಗೆ ಹೇಳುವ ಬುದ್ಧಿಮಾತು ಮಾಡಿಕೊಂಡಿದ್ದೇವೆ. ಅರಬಿಯಲ್ಲಿ ಆ ಪದದ ಮೂಲದಲ್ಲಿರುವ ಅರ್ಥ ತಡೆದು ಹಿಡಿಯುವುದು. ಏನನ್ನು ತಡೆಯಬೇಕು? ಅನ್ಯಾಯ ಕಂಡಾಗ ಮಾತನ್ನಲ್ಲ. ನನ್ನ ಕೆಲಸವಾದ ಕೂಡಲೇ ಹೊರಟುಬಿಡುವ ಕಾಲನ್ನು.

ಮರುವಾರ ಆ ಮುದುಕಿಯನ್ನು ಹುಡುಕಿಕೊಂಡು ಹೋದೆ. ಕರ್ನಾಟಕದಲ್ಲಿ 2011ರ ಕಾಯ್ದೆಯಂತೆ 2012ರಲ್ಲಿ ‘ಸಕಾಲ’ ಬಂದಿದೆ. ಅದರ ಪಟ್ಟಿಯಲ್ಲಿರುವ ಕೆಲಸಕ್ಕೆ ಅರ್ಜಿ ಕೊಟ್ಟರೆ ಹದಿನೈದು ಅಂಕಿಯ ಸಂಖ್ಯೆಯುಳ್ಳ ಸ್ವೀಕೃತಿ ಸಿಗಬೇಕು, ಕೆಲಸಕ್ಕೆ ಗಡುವಿದೆ, ತಪ್ಪಿದರೆ ಮೇಲ್ಮನವಿಗೆ ಹಕ್ಕಿದೆ. ಅವರ ಬಳಿ ಆ ಚೀಟಿಯೇ ಇರಲಿಲ್ಲ. ಇಬ್ಬರೂ ಹೋಗಿ ಕೇಳಿದೆವು. ಕೂಗಲಿಲ್ಲ. ಚೀಟಿ ಸಿಕ್ಕಿತು. ವೇತನ ಮಂಜೂರಾಗುವಷ್ಟರಲ್ಲಿ ಇನ್ನೂ ಎರಡು ಸಲ ಅಲೆಯಬೇಕಾಯಿತು. ಎರಡು ಸಲವೂ ಹೋದೆ, ಸರದಿಯಲ್ಲಿ ಅವರ ಹಿಂದೆ ನಿಂತೆ.

ನನ್ನ ಸಿಟ್ಟು ಈಗಲೂ ಇಳಿದಿಲ್ಲ, ಇಳಿಯುವುದೂ ಬೇಡ. ಅದು ಬಂದಾಗ ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳುತ್ತೇನೆ: ನನ್ನ ಕಾಗದ ನನಗೆ ಸಿಕ್ಕಿದ ಮೇಲೂ ಈ ಸಿಟ್ಟು ಉಳಿದಿರುತ್ತದೆಯೇ?